ಎಡಕ್ಕೆ ನಿಂತ ಪುಟ

ಪುಟ ಇನ್ನೂ ಎಡಕ್ಕೇ ನಿಂತಿತ್ತು. ಬೆಳಗ್ಗೆ ಬಂದು ಕೂತಾಗಿನಿಂದ ಅವನು ಅದನ್ನು ಆಗಾಗ ತೆರೆದು ನೋಡಿ ಮುಚ್ಚುತ್ತಿದ್ದ, ಒಲೆಯ ಮೇಲಿಟ್ಟ ಪಾತ್ರೆಯ ಮುಚ್ಚಳ ಎತ್ತಿ ನೋಡುವವರ ಹಾಗೆ. ಸಾಲುಗಳೆಲ್ಲ ಎಡದ ಅಂಚಿಗೆ ಬೆನ್ನು ಕೊಟ್ಟು ನಿಂತಿದ್ದವು. ಬಲಗಡೆ ಒಂದು ಸಾಲು ಉದ್ದ, ಒಂದು ಗಿಡ್ಡ, ತಮ್ಮ ಪಾಡಿಗೆ ತಾವು ಮುಗಿದಿದ್ದವು. ಎಡಕ್ಕಿದೆ ಎಂದರೆ ಆ ಪುಟದಲ್ಲಿರುವ ಮನುಷ್ಯ ಬದುಕಿದ್ದಾನೆ ಎಂದರ್ಥ. ಅವನು ಕೆಲಸ ಮಾಡುವ ಪತ್ರಿಕೆಯ ವೆಬ್‌ಸೈಟಿನಲ್ಲಿ ಸುದ್ದಿ, ಲೇಖನ, ಕ್ರೀಡೆ, ಕವಿತೆ, ಅಡುಗೆ ಎಲ್ಲವೂ ಎಡಕ್ಕೆ. ನಡುವಿಗೆ ಬರುವುದು ಸತ್ತವರ ಪುಟ ಒಂದೇ. ಹಿಂದಿದ್ದ ಸಂಪಾದಕರೊಬ್ಬರು ಮಾಡಿದ ಏರ್ಪಾಡು ಅದು. ನಡುವಿಗೆ ಜೋಡಿಸಿದ ಬರಹದಲ್ಲಿ ಪ್ರತಿ ಸಾಲೂ ಬೇರೆ ಬೇರೆ ಜಾಗದಲ್ಲಿ ಶುರುವಾಗುತ್ತದೆ, ಕಣ್ಣು ಪ್ರತಿ ಸಲ ತಡಕಾಡಬೇಕಾಗುತ್ತದೆ, ಸತ್ತವರ ಬಗ್ಗೆ ಓದುವಾಗ ಕಣ್ಣು ಓಡಬಾರದು ಎಂದು ಅವರು ಹೇಳಿದ್ದರು. ಅವರು ಕೆಲಸ ಬಿಟ್ಟು ಹೋದರು, ಏರ್ಪಾಡು ಉಳಿಯಿತು. ಓದುಗರಿಗೂ ಅದು ರೂಢಿಯಾಯಿತು. ಈಗ ಬರಹ ನಡುವಿಗೆ ನಿಂತದ್ದು ಕಂಡರೆ ಸಾಕು, ಹೆಸರು ಓದುವ ಮೊದಲೇ 'ಅಯ್ಯೋ, ಯಾರು?' ಎನ್ನುತ್ತಾರೆ.

ವಯಸ್ಸಾದ, ಕಾಯಿಲೆ ಬಿದ್ದ ದೊಡ್ಡವರ ಬಗ್ಗೆ ಮೊದಲೇ ಬರೆದಿಡುವ ಪದ್ಧತಿ ಎಲ್ಲ ಪತ್ರಿಕೆಗಳಲ್ಲೂ ಇದೆ. ಇಲ್ಲಿ ಅದಕ್ಕೆ ಫ್ರಿಜ್ ಎಂದು ಹೆಸರು. ಫ್ರಿಜ್‌ನಲ್ಲಿರುವ ಪುಟಗಳು ಓದುಗರ ಕಣ್ಣಿಗೆ ಬೀಳದೆ ಎಡಕ್ಕೆ ನಿಂತು ಕಾಯುತ್ತಿರುತ್ತವೆ. ಸುದ್ದಿ ಬಂದ ದಿನ ಡೆಸ್ಕಿನವರು ಪುಟವನ್ನು ಬಿಡುಗಡೆ ಮಾಡುತ್ತಾರೆ, ಅದಕ್ಕೂ ಮೊದಲು ಅವನು ಸ್ಟೈಲ್ ಶೀಟ್ ಎಂಬ ಸೂಚನೆಗಳ ಹಾಳೆಯಲ್ಲಿ ಒಂದು ಪದ ಬದಲಿಸುತ್ತಾನೆ. ಲೆಫ್ಟ್ ಇದ್ದಲ್ಲಿ ಸೆಂಟರ್. ಬರಹದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ತಾನು ಎಲ್ಲಿ ನಿಲ್ಲಬೇಕೆಂಬುದು ಬರಹಕ್ಕೆ ಗೊತ್ತಿರುವುದಿಲ್ಲ, ಅದನ್ನು ಹೇಳುವುದು ಬೇರೆಲ್ಲೋ ಇರುವ ಈ ಹಾಳೆ. ಪದ ಬದಲಿಸಿ ಉಳಿಸಿದೊಡನೆ ಸಾಲುಗಳೆಲ್ಲ ಅಂಚು ಬಿಟ್ಟು ಸದ್ದಿಲ್ಲದೆ ನಡುವಿಗೆ ಸರಿಯುತ್ತವೆ. ಪ್ರತಿ ಸಲವೂ ಅದಾದ ಮೇಲೆ ಅವನು ತನಗೇ ತಿಳಿಯದಂತೆ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.

"ಸ್ಟೈಲ್ ಸಾರ್," ಎಂದ ಡೆಸ್ಕಿನ ಚೀಫ್, ತನ್ನ ಮೇಜಿನಿಂದಲೇ. ಸ್ಟೈಲ್ ಶೀಟು ನೋಡಿಕೊಳ್ಳುವವನೆಂದು ಆ ಹೆಸರು ಬಂದಿತ್ತು. ಮಾಸಿದ ಎರಡೇ ಬಣ್ಣದ ಅಂಗಿಗಳಲ್ಲಿ ವರ್ಷ ಕಳೆಯುವ ಮನುಷ್ಯನೆಂಬ ಕಾರಣಕ್ಕೆ ಅದು ಗಟ್ಟಿಯಾಗಿ ಅಂಟಿಕೊಂಡಿತ್ತು. "ನಮ್ಮ ತಾಳಪ್ಪನ್ನ ಫ್ರಿಜ್‌ನಿಂದ ತೆಗೆದಿಟ್ಕೊಳ್ಳಿ. ಇವತ್ತು ಗಂಟಲು ಆಪರೇಷನ್ನಂತೆ. ಹಾರ್ಟೂ ಸರಿ ಇಲ್ವಂತೆ. ಹಾಗೇನಾದ್ರೂ ಆದ್ರೆ ನಾವೇ ಮೊದಲಿರ್ಬೇಕು."

"ಹೂಂ."

"ಒಂದ್ಸಲ ಸೆಂಟರ್ ಮಾಡಿ ನೋಡ್ಬಿಡಿ. ಮೊಬೈಲಲ್ಲಿ ಹೆಡಿಂಗ್ ಎಲ್ಲಿ ಒಡೆಯತ್ತೆ ಅಂತ. ಹೋದ್ಸಲ ಆ ಗಾಯಕಿಯವರ ಹೆಸರು ಅರ್ಧ ಮೇಲೆ, ಅರ್ಧ ಕೆಳಗೆ ಬಂದು ನಗೆಪಾಟಲಾಯ್ತು."

"ತಾ-ತಾ-ತಾಳಿ ಸಾರ್, ಹೇ-ಹೇ-ಹೇಳ್ತೀನಿ!" ಎಂದಳು ಎದುರು ಸಾಲಿನ ಉಪಸಂಪಾದಕಿ, ಕುತ್ತಿಗೆಯನ್ನು ಕೋಳಿಯಂತೆ ಮುಂದೆ ಹಾಕಿ.

"ಅಷ್ಟರಲ್ಲಿ ಬಸ್ಸು ಹೋಗಿರತ್ತೆ!" ಎಂದು ಪಕ್ಕದ ವರದಿಗಾರ ಮುಗಿಸಿದ. ಡೆಸ್ಕಿಗೆ ಡೆಸ್ಕೇ ನಕ್ಕಿತು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಅಲ್ಲಿದ್ದವರೆಲ್ಲ ತೊದಲುವ ತಾಳಪ್ಪನ ರೇಡಿಯೊ ಹಾಸ್ಯ ಕೇಳುತ್ತಲೇ ಬೆಳೆದವರು. ತಾಳಪ್ಪ ಹೇಳಬೇಕಾದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಹಾಲು ಉಕ್ಕಿರುತ್ತದೆ, ಕಳ್ಳ ಗೋಡೆ ಹಾರಿರುತ್ತಾನೆ. ಆ ಧ್ವನಿಯ ಒಡೆಯನಿಗೆ ಗಂಟಲಲ್ಲಿ ಗೆಡ್ಡೆಯಂತೆ, ಬದುಕಿದರೂ ಧ್ವನಿಪೆಟ್ಟಿಗೆ ತೆಗೆಯುತ್ತಾರಂತೆ ಎಂದು ಓದಿದಾಗ ಅವರೆಲ್ಲ ನಿಜವಾಗಿಯೂ ಮರುಗಿದ್ದರು. ಇದು ಅವರು ಮರುಗುವ ರೀತಿ. ನಗು ಮುಗಿಯುವವರೆಗೆ ಅವನೂ ಮುಖದ ಮೇಲೊಂದು ನಗು ಇಟ್ಟುಕೊಂಡಿದ್ದ. ಆ ಮನುಷ್ಯ ಇವನ ಸ್ವಂತ ಅಣ್ಣ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಣ್ಣ ರೇಡಿಯೊಗೆಂದು ಬೇರೆ ಹೆಸರು ಇಟ್ಟುಕೊಂಡಿದ್ದ. ಇವನು ಹೇಳಿರಲಿಲ್ಲ. ಹೇಳಬೇಕಾದರೆ ಬಾಯಿ ತೆರೆಯಬೇಕು, ಬಾಯಿ ತೆರೆದರೆ ತಾಳಪ್ಪ ಹೊರಗೆ ಬರುತ್ತಾನೆ.

ಬೆಳಗ್ಗೆ ಶೂ ಕಟ್ಟಿಕೊಳ್ಳುವಾಗ ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು. "ನಿಮ್ಮ ಅತ್ತಿಗೆ ಫೋನ್ ಮಾಡಿದ್ರು. ಆಗಲೇ ಒಳಗೆ ಕರ್ಕೊಂಡು ಹೋದ್ರಂತೆ. ನೀವು ಹೊರಟಿದ್ದು ಆಫೀಸಿಗೋ, ಆಸ್ಪತ್ರೆಗೋ?" ಅವನು ಲೇಸಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. "ಕೇಳಿದ್ದು ನಿಮ್ಮನ್ನೇ," ಎಂದಳು. ಅವನು ಬ್ಯಾಗು ತೋರಿಸಿದ. ಊಟದ ಡಬ್ಬಿ ಕೈಗೆ ಕೊಡುವಾಗ ಅವಳು ಇವನ ಮುಖ ನೋಡಲಿಲ್ಲ.

ಮಾತಿಲ್ಲದೆ ನಡೆಯುತ್ತದೆಂದೇ ಅವನು ಈ ಕೆಲಸ ಹಿಡಿದದ್ದು. ಹೂಂ, ಉಹೂಂ, ಆಯ್ತು, ನೋಡ್ತೀನಿ. ಉಳಿದದ್ದೆಲ್ಲ ಟೈಪು ಮಾಡಿದ ಸಂದೇಶ. ಯಾವ ಅಕ್ಷರ ಗೆಳೆಯ, ಯಾವುದು ವೈರಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಕಾರ ಬದ್ಧವೈರಿ. ಪದದ ಮೊದಲಿಗೆ ಬರುವ ಅಕಾರವನ್ನೂ ನಂಬುವಂತಿಲ್ಲ, ಬಾಯಿ ತೆರೆದುಕೊಂಡು ಹಾಗೇ ನಿಂತುಬಿಡುತ್ತದೆ. 'ಮಾತು ಕಮ್ಮಿ, ಕೆಲಸ ಜಾಸ್ತಿ, ನಮ್ಮ ಸ್ಟೈಲ್ ಸಾರ್' ಎಂದು ಚೀಫ್ ಹೊಸಬರಿಗೆ ಪರಿಚಯಿಸುವಾಗ ಅವನಿಗೆ ಕದ್ದ ಸಾಮಾನಿಗೆ ಹೊಗಳಿಸಿಕೊಂಡಂತಾಗುತ್ತಿತ್ತು. ಒಮ್ಮೆ ಮಾತ್ರ ಅವನು ಚೀಫ್‌ಗೆ ಎದುರು ನಿಂತಿದ್ದ. ಮುದ್ರಿತ ಪತ್ರಿಕೆಯಂತೆ ವೆಬ್‌ಸೈಟಿನಲ್ಲೂ ಬರಹದ ಎರಡು ಅಂಚೂ ನೇರ ಬರಬೇಕು, ಜಸ್ಟಿಫೈ ಮಾಡಿ ಎಂದು ಚೀಫ್ ಹಟ ಹಿಡಿದಾಗ. ನಮ್ಮ ಪದಗಳು ಉದ್ದ, ಫೋನಿನ ಪರದೆ ಕಿರಿದು, ಸಾಲಿಗೆ ಮೂರು ಪದ ಹಿಡಿದರೆ ಹೆಚ್ಚು, ಬಲ ಅಂಚು ಮುಟ್ಟಿಸಲು ಯಂತ್ರ ಪದಗಳ ನಡುವಿನ ಜಾಗವನ್ನು ಹಿಗ್ಗಿಸುತ್ತದೆ, ಓದುವುದು ಕಷ್ಟ ಎಂದು ಅವನು ಬರೆದು ಕಳಿಸಿದ್ದ. ಬರೆದದ್ದೆಲ್ಲ ನಿಜ. ಬರೆಯದೆ ಬಿಟ್ಟದ್ದು ಬೇರೆ ಇತ್ತು. ಪ್ರಯೋಗಕ್ಕೆಂದು ಜಸ್ಟಿಫೈ ಮಾಡಿದ ಪುಟವನ್ನು ಫೋನಿನಲ್ಲಿ ತೆರೆದಾಗ, ಒಂದು ಪದ, ದೊಡ್ಡ ಖಾಲಿ ಜಾಗ, ಇನ್ನೊಂದು ಪದ, ಮತ್ತೆ ಖಾಲಿ, ಅಂಚು ಮುಟ್ಟಲೇಬೇಕೆಂದು ಎಳೆದಾಡಿಕೊಂಡು ನಿಂತ ಆ ಸಾಲುಗಳಲ್ಲಿ ಅವನಿಗೆ ತನ್ನ ಮಾತು ಬರೆದಿಟ್ಟಂತೆ ಕಂಡಿತ್ತು. ಆ ಖಾಲಿ ಜಾಗದಲ್ಲಿ ಜನ ಏನು ಮಾಡುತ್ತಾರೆಂದು ಅವನಿಗೆ ಗೊತ್ತು. ಕೆಲವರು ಬೇರೆ ಕಡೆ ನೋಡುತ್ತಾರೆ. ಕೆಲವರು ಮುಂದಿನ ಪದವನ್ನು ತಾವೇ ಹೇಳಿಬಿಡುತ್ತಾರೆ.

ಅಣ್ಣ ಹೇಳಿಬಿಡುತ್ತಿದ್ದ. ಅಂಗಡಿಯ ಕಟ್ಟೆಗೆ ಗಲ್ಲ ತಾಗುವಷ್ಟು ಎತ್ತರವಿದ್ದಾಗ, 'ಸ-ಸ-' ಎಂದು ಇವನು ಸಿಕ್ಕಿಬಿದ್ದರೆ ಹಿಂದಿನಿಂದ ಅಣ್ಣನ ಧ್ವನಿ ಬಂದು 'ಅರ್ಧ ಕೆಜಿ ಸಕ್ಕರೆ' ಎಂದು ಎತ್ತಿಕೊಂಡು ಹೋಗುತ್ತಿತ್ತು. ಶಾಲೆಯಲ್ಲಿ, ಬಸ್ಸಿನಲ್ಲಿ, ಮನೆಗೆ ಬಂದವರ ಮುಂದೆ. ಇವನು ಮಾತು ಶುರು ಮಾಡಿದರೆ ಸಾಕು, ಮುಗಿಸಲು ಅಣ್ಣನಿದ್ದ. ಎಲ್ಲಿ ತಡೆಯುತ್ತದೆ, ಎಷ್ಟು ಹೊತ್ತು ತಡೆಯುತ್ತದೆ, ಬಿಡುವ ಮೊದಲು ಕುತ್ತಿಗೆ ಹೇಗೆ ಮುಂದೆ ಬರುತ್ತದೆ ಎಂದು ಅಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇರಲಿಲ್ಲ. ಆಮೇಲೊಂದು ದಿನ ಊಟದ ಹೊತ್ತಿಗೆ, ಮನೆಯಲ್ಲಿ ಯಾರಿಗೋ ಯಾಕೋ ಬೇಜಾರಾಗಿ ಎಲ್ಲರೂ ತಟ್ಟೆ ನೋಡುತ್ತ ಕೂತಿದ್ದಾಗ, ಅಣ್ಣ ಇದ್ದಕ್ಕಿದ್ದಂತೆ 'ಉ-ಉ-ಉಪ್ಪು' ಎಂದ. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗಬಾರದೆಂದು ಗೊತ್ತಿದ್ದೇ ಕೈ ಅಡ್ಡ ಬಂದದ್ದು, ಆದರೂ ಕೈಯ ಹಿಂದೆ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಣ್ಣ ಆ ದಿನವೇ ಕಲಾವಿದನಾದನೆಂದು ಅವನಿಗೆ ಅನ್ನಿಸುತ್ತಿತ್ತು. ಆಮೇಲೆ ರೇಡಿಯೊ. ಆಮೇಲೆ ಒಂದು ಬ್ಯಾಂಕಿನ ಕೌಂಟರಿನಲ್ಲಿ, ಗಾಜಿನ ಹಿಂದಿನ ಗುಮಾಸ್ತ ಇವನ ಮಾತು ಕೇಳಿ ಖುಷಿಯಿಂದ ಪೆನ್ನು ಕೆಳಗಿಟ್ಟು, 'ಭಾರಿ ಚೆನ್ನಾಗಿ ತಾಳಪ್ಪನ ಹಾಗೆ ಮಾಡ್ತೀರಿ! ಇನ್ನೊಂದ್ಸಲ ಮಾಡಿ, ನಮ್ಮ ಮ್ಯಾನೇಜರಿಗೆ ತೋರಿಸ್ತೀನಿ' ಎಂದಿದ್ದ. ಅಂದಿನಿಂದ ತನ್ನ ಬಾಯಲ್ಲಿ ಬಂದ ತನ್ನ ಮಾತಿಗೆ ತಾನೇ ನಕಲಿಯಾದ. ಅಣ್ಣನ ಮನೆಗೆ ಹೋಗಿ 'ನಿ-ನಿಲ್ಲಿಸು' ಎಂದರೆ ಅಣ್ಣ ಮೊದಲು ನಕ್ಕ, ಇವನು ತಮಾಷೆ ಮಾಡುತ್ತಿದ್ದಾನೆಂದುಕೊಂಡು. ಆಮೇಲೆ ಮುಖ ನೋಡಿ ಗಂಭೀರನಾದ. 'ಇದು ನನ್ನ ಹೊಟ್ಟೆಪಾಡು ಪುಟ್ಟು. ತಾಳಪ್ಪನೇ ಬೇರೆ, ನೀನೇ ಬೇರೆ. ನೀನು ಯಾಕೆ ಮೈಮೇಲೆ ಎಳ್ಕೊಳ್ತೀಯ?' ಜಗಳವೇನೂ ಆಗಲಿಲ್ಲ. ಇವನು ಹೋಗುವುದು ನಿಂತಿತು, ಅಷ್ಟೆ.

ಪುಟವನ್ನು ಅವನು ಪೂರ್ತಿ ಓದಿರಲಿಲ್ಲ. ಅಂಚು ನೋಡುವುದು ಅವನ ಕೆಲಸ, ಒಳಗಿನದು ಬೇರೆಯವರದು. ಈಗ ಓದಿದ. ಬರೆದವರು ಯಾರೋ, ಚೊಕ್ಕವಾಗಿ ಬರೆದಿದ್ದರು. ಹುಟ್ಟಿದ ವರ್ಷ ಸರಿಯಿತ್ತು, ಓದಿದ ಶಾಲೆ ಸರಿಯಿತ್ತು. 'ತಾಳಪ್ಪ ಸಂಪೂರ್ಣವಾಗಿ ಅವರ ಕಲ್ಪನೆಯ ಕೂಸು' ಎಂಬಲ್ಲಿ ಅವನ ಕಣ್ಣು ನಿಂತಿತು. ಕೊನೆಯಲ್ಲಿ 'ಅವರಿಗೆ ಪತ್ನಿ, ಒಬ್ಬ ಪುತ್ರಿ ಇದ್ದಾರೆ' ಎಂದಿತ್ತು, ತಮ್ಮನಿರಲಿಲ್ಲ. ಪತ್ರಿಕೆಯಲ್ಲಿದ್ದು ಅವನಿಗೂ ಆ ಚಟ ಹತ್ತಿತ್ತು, ತಪ್ಪು ಸಂಗತಿ ಕಂಡರೆ ಬೆರಳು ತುರಿಸುತ್ತಿತ್ತು. ಒಂದೇ ಪುಟದಲ್ಲಿ ಎರಡು ತಪ್ಪು. ತಿದ್ದಬೇಕೆಂದರೆ ಯಾರಿಗೆ ಹೇಳಬೇಕು? ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ.

"ಆಯ್ತಾ ಸಾರ್?" ಎಂದ ಚೀಫ್.

"ಹೂಂ."

ಅವನ ಪರದೆಯ ಮೇಲೆ ಯಾವಾಗಲೂ ಎರಡು ಕಿಟಕಿ ತೆರೆದಿರುತ್ತಿದ್ದವು. ಒಂದು ಪ್ರಯೋಗದ್ದು, ಅಲ್ಲಿ ಏನು ಮಾಡಿದರೂ ಹೊರಗಿನವರಿಗೆ ಕಾಣದು. ಇನ್ನೊಂದು ನಿಜದ್ದು. ಎರಡೂ ಅವಳಿಗಳ ಹಾಗಿದ್ದವು, ಪ್ರಯೋಗದ ಕಿಟಕಿಯ ನೆತ್ತಿಯಲ್ಲಿ ಒಂದು ಕೇಸರಿ ಪಟ್ಟಿ ಇತ್ತು ಎನ್ನುವುದು ಬಿಟ್ಟರೆ. ಆ ಪಟ್ಟಿಯನ್ನು ಹಾಕಿದವನೇ ಅವನು, ಕೈತಪ್ಪಬಾರದೆಂದು. ಅಣ್ಣನಿಗೆ ಸಂಬಂಧಿಸಿದ ಬರಹಗಳೆಲ್ಲ ಒಂದೇ ಪೆಟ್ಟಿಗೆಯೊಳಗಿದ್ದವು. ಫ್ರಿಜ್‌ನ ಪುಟ, ಹಿಂದೆಂದೋ ಮಾಡಿದ ಸಂದರ್ಶನ, ಇವತ್ತಿನ ಆಪರೇಷನ್ ಸುದ್ದಿ. ಫ್ರಿಜ್‌ನ ಪುಟಕ್ಕೆ ಮಾತ್ರ ನಡುವಿಗೆ ಬಾ ಎಂದು ಹೇಳಬೇಕು. ಪೆಟ್ಟಿಗೆಗೇ ಹೇಳಿಬಿಟ್ಟರೆ ಒಳಗಿರುವುದೆಲ್ಲ ನಡುವಿಗೆ ಬರುತ್ತದೆ, ದೊಡ್ಡವರಿಗೆ ಹೇಳಿದ್ದು ಮಕ್ಕಳಿಗೂ ಹೇಳಿದಂತೆ ಎನ್ನುವುದು ಈ ಹಾಳೆಯ ಕಾನೂನು. ಹೊಸಬರಿಗೆ ಅವನು ಮೊದಲು ಬರೆದುಕೊಡುತ್ತಿದ್ದ ಪಾಠವೇ ಇದು. ಅವನು ಸೆಂಟರ್ ಎಂದು ಟೈಪು ಮಾಡಿದ. ಉಳಿಸಿದ. ಸಾಲುಗಳು ಸರಿದವು. ಅಣ್ಣನ ಹೆಸರು ಪರದೆಯ ನಡುವೆ, ಎರಡೂ ಕಡೆ ಒಂದೇ ಅಳತೆಯ ಖಾಲಿಯೊಂದಿಗೆ, ಯಾವ ಗೋಡೆಗೂ ಆನಿಕೊಳ್ಳದೆ ನಿಂತಿತು. ಹೆಡಿಂಗ್ ಎಲ್ಲೂ ಒಡೆದಿರಲಿಲ್ಲ. ಚೆನ್ನಾಗಿ ಕಾಣುತ್ತಿದೆ ಎಂದು ಅವನ ಮನಸ್ಸು ಹೇಳಿತು. ಹೇಳಿದ್ದಕ್ಕೆ ಬೆಚ್ಚಿ ಎದ್ದು ಶೌಚಾಲಯಕ್ಕೆ ನಡೆದ.

ಅಲ್ಲಿ ಯಾರೂ ಇರಲಿಲ್ಲ. ಯಾವುದೋ ನಲ್ಲಿ ಸೋರುತ್ತಿತ್ತು. ಕನ್ನಡಿಯ ಮುಂದೆ ನಿಂತು 'ಅವನು ನನ್ನ ಅಣ್ಣ' ಎಂದು ಹೇಳಲು ನೋಡಿದ. ಬಾಯಿ ತೆರೆಯಿತು, ಅಲ್ಲೇ ನಿಂತಿತು. ಕುತ್ತಿಗೆ ಮುಂದೆ ಬಂತು. ಕನ್ನಡಿಯಲ್ಲಿ ಅಣ್ಣ ಕಂಡ. ಮುಖಹೋಲಿಕೆಯಿಂದಲ್ಲ, ಅವರಿಬ್ಬರಿಗೆ ಅಂಥ ಹೋಲಿಕೆಯೇನೂ ಇರಲಿಲ್ಲ. ವೇದಿಕೆಯ ಮೇಲೆ ಅಣ್ಣ ಕುತ್ತಿಗೆಯನ್ನು ಮುಂದೆ ಹಾಕುತ್ತಿದ್ದ ಫೋಟೊಗಳನ್ನು ಅಷ್ಟು ಸಲ ನೋಡಿದ್ದರಿಂದ, ತನ್ನ ಕುತ್ತಿಗೆ ತನಗೇ ಬಾಡಿಗೆಯದ್ದಾಗಿ ಕಂಡಿತು. ಈಗ ಎಲ್ಲೋ ಒಂದು ಬೆಳಕಿನ ಕೆಳಗೆ ಆ ಗಂಟಲನ್ನು ತೆರೆದಿದ್ದಾರೆ. ಇವನ ತೊದಲು ಕೂಡ ಅದರೊಳಗಿದೆ, ಅದನ್ನೂ ತೆಗೆದು ತಟ್ಟೆಗೆ ಹಾಕುತ್ತಾರೆ. ಮುಖ ತೊಳೆದುಕೊಂಡ. ಮುಖ ಒರೆಸಿಕೊಳ್ಳುವಾಗ ನೆನಪಾಯಿತು. ಕೇಸರಿ ಪಟ್ಟಿ ನೋಡಿದ್ದೆನೇ?

ಬಾಗಿಲು ತಳ್ಳುವ ಮೊದಲೇ ಫೋನುಗಳು ಕೇಳಿಸಿದವು. ಒಂದು ನಿಂತರೆ ಇನ್ನೊಂದು. ಉಪಸಂಪಾದಕಿ ಒಂದು ಕಿವಿಗೆ ಫೋನು ಹಿಡಿದು, "ಇಲ್ಲ ಸಾರ್, ಇಲ್ಲ, ಹಾಗೇನಿಲ್ಲ, ಬದುಕಿದ್ದಾರೆ," ಎನ್ನುತ್ತಿದ್ದಳು. ವರದಿಗಾರನ ಪರದೆಯ ಮೇಲೆ ಆ ಹಳೆಯ ಸಂದರ್ಶನ ಮೇಲಿನಿಂದ ಕೆಳಗಿನವರೆಗೆ ನಡುವಿಗೆ ನಿಂತಿತ್ತು. ಪ್ರಶ್ನೆಗಳೂ ನಡುವಿಗೆ, ಉತ್ತರಗಳೂ ನಡುವಿಗೆ. ನಗುತ್ತ ಕೊಟ್ಟ ಉತ್ತರಗಳು, ಸತ್ತ ಮೇಲೆ ಕೊಟ್ಟ ಹಾಗೆ. ಅದರ ಕೆಳಗೆ ಆಗಲೇ ಜನ ಕೈಮುಗಿಯತೊಡಗಿದ್ದರು. 'ಹೋಗಿ ಬಾ ತಾಳಪ್ಪ.' 'ನಗಿಸಿದವನು ಅಳಿಸಿಬಿಟ್ಟ.' ಅವನು ಓಡಿಹೋಗಿ ಕೂತು ಆ ಪದವನ್ನು ಅಳಿಸಿ ಲೆಫ್ಟ್ ಎಂದು ಹೊಡೆದ. ಸಾಲುಗಳು ಅಂಚಿಗೆ ಹೋಗಿ ನಿಂತವು. ಆದರೆ ಆಗಲೇ ತೆರೆದುಕೊಂಡವರ ಫೋನುಗಳಲ್ಲಿ ಅವು ನಡುವಲ್ಲೇ ಇರುತ್ತವೆ, ಅವರಾಗಿ ಮತ್ತೆ ತೆರೆಯುವವರೆಗೆ. ಸಾವಿನ ಸುದ್ದಿ ಓದಿದವರು ಅದನ್ನು ಮತ್ತೆ ತೆರೆಯುವುದಿಲ್ಲ. ಪಕ್ಕದವರಿಗೆ ಹೇಳುತ್ತಾರೆ.

"ಏನ್ರೀ ಇದು?" ಚೀಫ್ ಅವನ ತಲೆಯ ಮೇಲೆ ಬಂದು ನಿಂತಿದ್ದ. "ನೋಡಿ ಅಂದಿದ್ದು ನಾನು, ಸಾಯಿಸಿ ಅಂದಿದ್ನಾ? ನಿನ್ನೆ ಮೊನ್ನೆ ಬಂದವರು ಮಾಡಿದ್ರೆ ಒಂದು. ನೀವು! ನೀವೇ ಮಾಡಿದ ಪಟ್ಟಿ ಅಲ್ವೇನ್ರೀ ಅದು, ಕಣ್ಣಿಗೆ ರಾಚೋ ಹಾಗಿದೆ!"

ಅವನು ಆ ಪಟ್ಟಿಯನ್ನೇ ನೋಡುತ್ತಿದ್ದ. ಅದು ಪಕ್ಕದ ಕಿಟಕಿಯಲ್ಲಿತ್ತು. ಅವನ ಕೈಗೆ ಅದು ಗೊತ್ತಿತ್ತು, ಕತ್ತಲೆಯಲ್ಲಿ ಸ್ವಿಚ್ಚು ಗೊತ್ತಿರುವ ಹಾಗೆ. ಗೊತ್ತಿದ್ದ ಕೈ ಒಂದೇ ಹೊತ್ತಿಗೆ ಎರಡು ತಪ್ಪು ಮಾಡಿತ್ತು. ಕಿಟಕಿಯೂ ತಪ್ಪು, ಪೆಟ್ಟಿಗೆಯೂ ತಪ್ಪು. ಒಂದು ತಪ್ಪು ಕೈಯದ್ದು ಎನ್ನಬಹುದು. ಎರಡನೆಯದು ಯಾರದ್ದು?

ಚೀಫ್‌ನ ಮೇಜಿನ ಫೋನು ಹೊಡೆದುಕೊಂಡಿತು. ಎತ್ತಿದವನ ಮುಖ ಇಳಿಯಿತು. "ಅಮ್ಮಾ, ದಯವಿಟ್ಟು... ಹೌದಮ್ಮಾ, ನಮ್ಮದೇ ತಪ್ಪು... ಇಲ್ಲೇ ಇದ್ದಾರೆ, ಮಾಡಿದವರು." ಫೋನಿನ ಬಾಯಿ ಮುಚ್ಚಿ ಇವನತ್ತ ತಿರುಗಿದ. "ಅವರ ಮನೆಯವರು. ಆಸ್ಪತ್ರೆಯಿಂದಲೇ ಮಾಡ್ತಿದ್ದಾರೆ. ಮಾಡಿದವರ ಬಾಯಿಂದಲೇ ಕೇಳ್ಬೇಕಂತೆ. ಬಂದು ತಪ್ಪಾಯ್ತು ಅನ್ನಿ, ಮುಗೀಲಿ." ಇವನು ಅಲ್ಲಾಡದ್ದು ನೋಡಿ, "ಬನ್ನಿ ಅಂದ್ರೆ!" ಎಂದ. ಸ್ಪೀಕರ್ ಒತ್ತಿದ. ತಾವು ಎಷ್ಟು ವಿನಯದಿಂದ ಕ್ಷಮೆ ಕೇಳಿದೆವೆಂಬುದಕ್ಕೆ ಡೆಸ್ಕು ಸಾಕ್ಷಿಯಿರಲಿ ಎಂದಿರಬೇಕು.

ಅತ್ತಿಗೆಯ ಧ್ವನಿ ಮೇಜಿನ ಮೇಲೆ ಬಂದು ಬಿತ್ತು. ವರ್ಷಗಳಿಂದ ಕೇಳಿರದ ಧ್ವನಿ, ಈಗ ಒಣಗಿತ್ತು. "ಯಾರ್ರೀ ನೀವು? ಅವರಿನ್ನೂ ಒಳಗಿದ್ದಾರೆ. ಡಾಕ್ಟ್ರು ಹೊರಗೇ ಬಂದಿಲ್ಲ. ನನ್ನ ಮಗಳಿಗೆ ಯಾರೋ ಫೋನ್ ಮಾಡಿ ಮನೆಗೆ ಎಷ್ಟೊತ್ತಿಗೆ ತರ್ತೀರಿ ಅಂತ ಕೇಳಿದ್ರು. ನಾನು ಹೋಗಿ ಆ ಬಾಗಿಲು ಬಡಿದೆ, ಗೊತ್ತಾ? ಪೇಪರಿನವರಿಗೆ ಮೊದಲು ಗೊತ್ತಾಯ್ತೇನೋ, ನನಗೆ ಹೇಳದೆ ಮುಚ್ಚಿಟ್ಟಿದ್ದಾರೇನೋ ಅಂತ. ನರ್ಸು ಬಂದು ಬೈದು ಕೂರಿಸಿದ್ರು. ಮಾತಾಡ್ರೀ!"

ತಪ್ಪಾಯಿತು ಎನ್ನಬೇಕಿತ್ತು. ಬೇರೆ ದಿನವಾಗಿದ್ದರೆ ಅವನು ಆ ಪದವನ್ನು ತಪ್ಪಿಸಿಕೊಂಡು ಹೋಗುತ್ತಿದ್ದ, 'ನನ್ನದೇ ದೋಷ' ಎಂದೋ 'ಕ್ಷಮಿಸಿ' ಎಂದೋ ಬೇರೆ ದಾರಿ ಹಿಡಿಯುತ್ತಿದ್ದ. ಈಗ ಬಾಯಿಗೆ ಅದೊಂದೇ ಬಂತು. "ತ," ಎಂದ. "ತ-ತ-ತ-ತಾ—" ಕುತ್ತಿಗೆ ಮುಂದೆ ಬಂತು.

ಉಪಸಂಪಾದಕಿಯಿಂದ ಒಂದು ನಗು ತಪ್ಪಿಸಿಕೊಂಡು ಹಾರಿತು, ಮೂಗಿನಿಂದ ಬಂದ ನಗು. ವರದಿಗಾರ "ಥೇಟ್!" ಎಂದು ಪಿಸುಗುಟ್ಟಿದ. ಇಷ್ಟು ವರ್ಷ ಬಾಯಿ ಬಿಡದ ಸ್ಟೈಲ್ ಸಾರ್ ಇಂಥ ಕಲಾವಿದನೆಂದು ಯಾರಿಗೆ ಗೊತ್ತಿತ್ತು! ಚೀಫ್ ಮಾತ್ರ ಎರಡೂ ಕೈ ಎತ್ತಿ ಬೇಡ, ಬೇಡ ಎಂದು ಆಡಿಸುತ್ತಿದ್ದ.

"ಏನಿದು?" ಎಂದಳು ಅತ್ತಿಗೆ. ಧ್ವನಿ ತಗ್ಗಿತ್ತು, ಅದು ಕಿರುಚಾಟಕ್ಕಿಂತ ಕೆಟ್ಟದಾಗಿತ್ತು. "ಅವರ ಮಾತನ್ನೇ ಆಡಿ ತೋರಿಸ್ತಿದ್ದೀರಾ? ನನಗೆ? ಇಲ್ಲಿ ಕೂತಿರುವಾಗ? ಹಿಂದೆ ನಗ್ತಾ ಬೇರೆ ಇದ್ದಾರೆ. ನೀವೆಲ್ಲ ಮನುಷ್ಯರೇನ್ರೀ?"

ಫೋನಿನ ಕೆಂಪು ಗುಂಡಿ ಅವನ ಕೈಯಳತೆಯಲ್ಲಿತ್ತು. ಒತ್ತಿದರೆ ಮುಗಿಯಿತು. ಪತ್ರಿಕೆಯ ಯಾವನೋ ಪೋಕರಿ ಅಣಕಿಸಿದನೆಂದು ಅತ್ತಿಗೆ ಜೀವಮಾನ ಪೂರ್ತಿ ಶಪಿಸುತ್ತಾಳೆ, ಇವನು ಡೆಸ್ಕಿನಲ್ಲಿ ಒಳ್ಳೆ ನಕಲು ಮಾಡುವವನಾಗಿ ಉಳಿಯುತ್ತಾನೆ. ಅಷ್ಟು ಸುಲಭ. ಬಾಯಿ ತೆರೆದಿತ್ತು, ಗಾಳಿ ಇರಲಿಲ್ಲ. ಹಿಂದಿನಿಂದ ಒಂದು ಧ್ವನಿ ಬಂದು ಈ ಮಾತನ್ನು ಎತ್ತಿಕೊಂಡು ಹೋಗುವುದೆಂದು ಮೈ ಕಾಯುತ್ತಿರುವುದು ಅವನಿಗೆ ತಿಳಿಯಿತು. ಯಾರೂ ಬರಲಿಲ್ಲ.

"ಅ," ಎಂದ. "ಅ-ಅ-ಅತ್ತಿಗೆ. ನಾನು. ಪು-ಪುಟ್ಟು."

ನಗು ನಿಂತಿತು. ಆಚೆ ಕಡೆ ಯಾವುದೋ ಗಾಲಿಗಾಡಿ ಉರುಳಿಕೊಂಡು ಹೋದ ಸದ್ದು. ಉಪಸಂಪಾದಕಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಈ ಕೈಯ ಹಿಂದೆ ನಗು ಇರಲಿಲ್ಲ, ಆದರೂ ಅವನು ಅತ್ತ ನೋಡಲಾರದೆ ಹೋದ.

"ನೀನಾ?" ಎಂದಳು ಅತ್ತಿಗೆ ಕೊನೆಗೆ. "ನಾನು ಅವರೇ ಅಂದ್ಕೊಂಡೆ. ಒಂದು ಕ್ಷಣ. ಒಳಗಿಂದ ಎದ್ದು ಬಂದು ಎಲ್ಲೋ ನಿಂತ್ಕೊಂಡು ಫೋನಲ್ಲಿ ಆಟ ಆಡಿಸ್ತಿದ್ದಾರೆ ಅಂತ. ನೀನು ಆ ಪೇಪರಿನಲ್ಲಿ ಇರೋದು ಮರೆತೇ ಹೋಗಿತ್ತು. ಪುಟ್ಟು, ಒಂದು ಕೇಳ್ತೀನಿ. ಅದನ್ನ ನೀನು ಬೇಕೂಂತ ಮಾಡಿದ್ಯಾ?"

ಡೆಸ್ಕಿನ ಎಲ್ಲರೂ ಇವನನ್ನು ನೋಡುತ್ತಿದ್ದರು. ಚೀಫ್ ಸ್ಪೀಕರ್ ಆರಿಸಲು ಕೈ ಚಾಚಿದವನು ಹಾಗೇ ನಿಂತಿದ್ದ. ಇಲ್ಲ ಎನ್ನುವುದು ಎಷ್ಟು ಸುಲಭದ ಪದ, ಅದರಲ್ಲಿ ಒಂದೂ ವೈರಿ ಅಕ್ಷರವಿಲ್ಲ.

"ಗೊ-ಗೊ-ಗೊತ್ತಿಲ್ಲ," ಎಂದ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಸರಿ," ಎಂದಳು. "ಬಂದು ಅವರಿಗೇ ಹೇಳು. ಎದ್ದರೆ."

ಚೀಫ್ "ಸಾರ್, ನಮಗೆ ಗೊತ್ತಿರಲಿಲ್ಲ, ನೀವು ಒಂದು ಮಾತು ಹೇಳಿದ್ರೆ..." ಎಂದು ಶುರು ಮಾಡಿ, ಹೇಳುವುದೆಂದರೇನೆಂದು ಆಗಷ್ಟೇ ಹೊಳೆದು ನಿಲ್ಲಿಸಿದ. ಅವನು ಬ್ಯಾಗು ತೆಗೆದುಕೊಂಡ. ಮೆಟ್ಟಿಲಿಳಿಯುವಾಗ ಕಾವಲುಗಾರ ಫೋನಿನಿಂದ ಮುಖವೆತ್ತಿ, "ಸಾರ್, ತಾಳಪ್ಪ ಹೋಗ್ಬಿಟ್ರಂತೆ, ಪಾಪ," ಎಂದ. ಆ ಫೋನಿನಲ್ಲಿ ಸಾಲುಗಳು ಇನ್ನೂ ನಡುವಿಗೇ ಇದ್ದವು. ಬಸ್ಸಿನಲ್ಲೂ ಯಾರೋ ಅದನ್ನೇ ಮಾತಾಡುತ್ತಿದ್ದರು. ಒಬ್ಬ ಮುದುಕ 'ತಾ-ತಾ-ತಾಳಿ' ಎಂದ, ಸುತ್ತಲಿದ್ದವರು ನಕ್ಕು, ನಕ್ಕಿದ್ದಕ್ಕೆ ನಾಚಿ ಕಿಟಕಿಯಾಚೆ ನೋಡಿದರು. ಸತ್ತಿಲ್ಲ ಎಂದು ಹೇಳಬೇಕೆನಿಸಿತು. ಸತ್ತಿಲ್ಲ ಎನ್ನುವುದು ಅವನಿಗೂ ಖಚಿತವಿರಲಿಲ್ಲ. ತಾನು ಆ ಪದ ಹೊಡೆದ ಗಳಿಗೆಯಲ್ಲಿ ಅಲ್ಲಿ ಒಳಗೆ ಏನಾಯಿತು?

ಅಣ್ಣ ಸಾಯಲಿಲ್ಲ. ಸಂಜೆ ಡಾಕ್ಟರು ಹೊರಗೆ ಬಂದು ಟೋಪಿ ತೆಗೆದು, ನಡುವೆ ಒಮ್ಮೆ ಹೃದಯ ಕೈಕೊಡುವ ಹಾಗೆ ಮಾಡಿತು, ಆಮೇಲೆ ಸರಿಯಾಯಿತು ಎಂದರು. ಎಷ್ಟು ಹೊತ್ತಿಗೆ ಎಂದು ಕೇಳಲು ಅವನು ಬಾಯಿ ತೆರೆದ, ಮುಚ್ಚಿದ. ಬೆಂಚಿನ ಆ ತುದಿಯಲ್ಲಿ ಅತ್ತಿಗೆ, ನಡುವೆ ಅವಳ ಮಗಳು, ಈ ತುದಿಯಲ್ಲಿ ಅವನು. ಡಬ್ಬಿಯ ಊಟವನ್ನು ಅತ್ತಿಗೆಯೇ ಬಿಚ್ಚಿ ಮೂವರಿಗೂ ಹಂಚಿದಳು. ಆ ಪುಟದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಒಬ್ಬೊಬ್ಬರಾಗಿ ಒಳಗೆ ಬಿಟ್ಟದ್ದು ಮರುದಿನ ಮಧ್ಯಾಹ್ನ. ಕುತ್ತಿಗೆಯ ಕೆಳಗೆ ಒಂದು ತೂತು, ಅದಕ್ಕೊಂದು ಸಣ್ಣ ನಳಿಗೆ, ಉಸಿರು ಬಂದು ಹೋಗುವಾಗ ಅಲ್ಲಿಂದ ಸುಯ್ ಎನ್ನುವ ಸದ್ದು. ಅಣ್ಣ ಎಚ್ಚರವಾಗಿದ್ದ. ಬರೆದು ತೋರಿಸಲೆಂದು ಕೊಟ್ಟಿದ್ದ ಹಲಗೆ ಪಕ್ಕದ ಸ್ಟೂಲಿನ ಮೇಲೆ ಖಾಲಿಯಿತ್ತು. ಇವನನ್ನು ಕಂಡು ಕಣ್ಣು ಹಿಗ್ಗಿದವೋ, ಕಿರಿದಾದವೋ, ಹೇಳುವುದು ಕಷ್ಟವಿತ್ತು.

"ಅ-ಅ-" ಎಂದ ಅವನು. ಅಣ್ಣನ ತುಟಿಗಳು ಹಳೆಯ ರೂಢಿಯಂತೆ ಮುಂದೆ ಓಡಿದವು, ಪದವನ್ನು ಹಿಡಿದವು, ಕಟ್ಟಿದವು. ಸದ್ದು ಬರಲಿಲ್ಲ. ತುಟಿಗಳು ನಿಂತವು. ಅಣ್ಣ ಕಾದ. ಹುಟ್ಟಿದಾಗಿನಿಂದ ಅಣ್ಣ ಅವನಿಗಾಗಿ ಕಾದದ್ದು ಅದೇ ಮೊದಲು. "ಅಣ್ಣ. ನಿ-ನಿನ್ನ ಪುಟ ನಡುವಿಗೆ ತ-ತ-ತಂದಿದ್ದು ನಾನೇ. ಊರೆಲ್ಲ ನೀನು ಸ-ಸತ್ತೆ ಅಂದ್ಕೊಂಡಿದೆ. ಬೇ-ಬೇಕೂಂತ ಮಾಡಿದ್ನೋ ಇಲ್ವೋ, ನನಗೆ ಗೊ-ಗೊತ್ತಿಲ್ಲ." ಹೇಳಿ ಮುಗಿಯುವಷ್ಟರಲ್ಲಿ ಬೆವರಿದ್ದ. ಅಣ್ಣನ ಎದೆ ಕುಲುಕತೊಡಗಿತು. ಮುಖದಲ್ಲಿ ನಗುವಿರಲಿಲ್ಲ, ಕುತ್ತಿಗೆಯ ನಳಿಗೆಯಿಂದ ಸುಯ್ ಸುಯ್ ಎಂದು ಗಾಳಿ ಬಿಟ್ಟುಬಿಟ್ಟು ಬರುತ್ತಿತ್ತು, ತಡೆದು, ಬಿಟ್ಟು, ತಡೆದು. ಅದು ನಗುವೋ ಅಳುವೋ ಎಂದು ಅವನಿಗೆ ತಿಳಿಯಲಿಲ್ಲ. ಎಲ್ಲಿ ತಡೆಯುತ್ತದೆ, ಎಲ್ಲಿ ಬಿಡುತ್ತದೆ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ನರ್ಸು ಒಳಗೆ ಬಂದಳು. "ನೀವೇನಾ ಈಗ ಮಾತಾಡಿದ್ದು? ಅಬ್ಬಾ, ನಾನು ಹೊರಗೆ ಬೆಚ್ಚಿಬಿದ್ದೆ, ಇವರಿಗೇ ಮಾತು ಬಂತೇನೋ ಅಂತ!" ಅವಳು ಖುಷಿಯಲ್ಲಿದ್ದಳು. "ಚೆನ್ನಾಗಿ ಮಾಡ್ತೀರಿ. ನಮ್ಮ ಮನೇಲೂ ಎಲ್ಲರೂ ಮಾಡೋರೇ. ಆದರೆ ಏನೇ ಹೇಳಿ, ಇವರ ಹಾಗೆ ಯಾರಿಗೂ ಬರಲ್ಲ ಬಿಡಿ."

ಅಣ್ಣನ ಬಲಗೈ ಹಾಸಿಗೆಯಿಂದ ಮೇಲೆದ್ದಿತು. ತೋರುಬೆರಳು ಮೊದಲು ನರ್ಸಿನತ್ತ ಹೋಯಿತು, ನನ್ನದಲ್ಲ, ನೋಡು ಎನ್ನುವಂತೆ. ಆಮೇಲೆ ತಿರುಗಿ ತಮ್ಮನ ಕಡೆ ಬಂದು ನಿಂತಿತು. ಅವಳು ಡ್ರಿಪ್ಪಿನ ಬಾಟಲಿ ನೋಡುತ್ತಿದ್ದಳು. "ಕೈ ಎತ್ತಬಾರದು ಅಂತ ಹೇಳಿದ್ದೀನಿ ತಾನೇ? ಸೂಜಿ ಕಿತ್ಕೊಂಡು ಬರತ್ತೆ," ಎಂದು ಆ ಕೈಯನ್ನು ಮೆತ್ತಗೆ ಕೆಳಗಿಟ್ಟಳು. ಅದು ಮತ್ತೆ ಎದ್ದಿತು, ಮತ್ತೆ ಅವನತ್ತಲೇ. "ಹಟ ನೋಡಿ ಇವರದು," ಎಂದು ಅವಳು ನಕ್ಕು, ಈ ಸಲ ಕೈಯನ್ನು ಹಾಸಿಗೆಗೆ ಒತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಡ್ರಿಪ್ಪಿನ ವೇಗ ಹೊಂದಿಸುವ ಸಣ್ಣ ಗಾಲಿ ತಿರುಗಿಸಿದಳು. ಅವಳ ಅಂಗೈಯ ಅಡಿಯಿಂದ ಆ ಬೆರಳು ಹೊರಗೆ ಚಾಚಿಕೊಂಡಿತ್ತು, ಅವನ ಕಡೆಗೆ.